ಎಂಟನೇ ನಂಬರಿನ ಹಾಳಿ

ಮಾಪು ಕತ್ತರಿಸಲಿಕ್ಕಂತ ರದ್ದಿ ತಂದಿದ್ದ ನನ್ನ ಗಂಡ,
ಕಿಲೋಕ್ಕ ಹದಿನಾರು ರೂಪಾಯಿ.
ಅದರಾಗೊಂದು ಪುಸ್ತಕ, ತಾಟಿನಷ್ಟು ದೊಡ್ಡ ಹಾಳಿ,
ರಟ್ಟಿಲ್ಲ, ಬರದಾಂವನ ಹೆಸರಿಲ್ಲ,
ಅಮೇರಿಕಾದ ಅಧ್ಯಕ್ಷರ ಚರಿತ್ರಿ, ಕನ್ನಡದಾಗ.
ನಾನು ನೋಡೋದ್ರಾಗ ಹನ್ನೆರಡು ಮಂದಿ ಅಧ್ಯಕ್ಷರ ಮ್ಯಾಲೆ
ಅಂಗಾಲು ಬರದು, ಕತ್ತರಿಸಿ ಮುಗಿಸಿದ್ದ.

ಅಥಣಿ, ಸಮಗಾರ ಓಣಿ, ಮಧ್ಯಾಹ್ನ, ಕರೆಂಟಿಲ್ಲ.
ಹಲ್ಲಾಗ ಚರ್ಮದ ಎಳಿ ಕಚ್ಚಿಕೊಂಡು ನಾನು ಹೆಣಕಿ ಹಾಕ್ತಿದ್ದೆ.
‘ಉಳದದ್ದು ಓದು’ ಅಂದ.
ಅಂವ ಮಾತಾಡೋದಽ ಅಷ್ಟು,
ದಿನಕ್ಕ ನಾಕು ಮಾತು, ಒಂದು ಕೆಮ್ಮು.

ಓದಿದೆ.
ಈ ಅಧ್ಯಕ್ಷನ ಹೆಸರಿಗೆ ನನ್ನ ನಾಲಗಿ ಹೊಳ್ಳಲಿಲ್ಲ.
ಇಂವನೂ ಮಾತಿಗೆ ಬಡವನಂತ.
(ಗಂಡ ತಲಿ ಎತ್ತಿದ.)
ಮೊದಲ ಸಣ್ಣ ಊರಿನ ಮೆಂಬರ, ಆಮ್ಯಾಲೆ ಆ ಊರಿನ ಮೇಯರ,
ಮೆಟ್ಟಲಾ ಮೆಟ್ಟಲಾ ಹತ್ತಿ ಗವರ್ನರ, ಉಪಾಧ್ಯಕ್ಷ.
ಮ್ಯಾಲಿನಾಂವ ಸತ್ತ ಸುದ್ದಿ ಬಂದ ರಾತ್ರಿ
ಹಳ್ಯಾಗ, ಅಪ್ಪನ ಮನ್ಯಾಗ ಮಲಗಿದ್ದ.
ಚಿಮಣಿ ಬೆಳಕಿನಾಗ ಅಪ್ಪನಽ ಎದುರಿಗೆ ನಿಂತು
ಮಗನ ಕಡಿಂದ ಪ್ರಮಾಣ ಮಾಡಿಸಿದ.
ದೇಶ ಕೈಗೆ ಬಂದಿತ್ತು.
ಹೋಗಿ ಮತ್ತ ಮಲಕೊಂಡ.

‘ಚಿಮಣಿ?’ ಅಂದ ಗಂಡ.
ಹೂಂ, ಚಿಮಣಿ.

ಅವನ ಸಣ್ಣ ಮಗ ಆಗ ತಂಬಾಕಿನ ಹೊಲಕ್ಕ ಕೂಲಿ ಹೋಗ್ತಿದ್ದನಂತ,
ಅಪ್ಪ ಪಟ್ಟಕ್ಕ ಬಂದರೂ ಬಿಡಲಿಲ್ಲಂತ.
ನನ್ನ ತವರು ನಿಪ್ಪಾಣಿ ಕಡೆ.
ತಂಬಾಕಿನ ಅಂಟು ಬೆರಳಿಗೆ ಹತ್ತಿದ್ದು
ಉಣ್ಣೋ ಮುಂದ ತಿಳೀತೈತಿ:
ರೊಟ್ಟಿ ಕಹಿ, ನೀರು ಕಹಿ, ಕೂಸಿನ ಗಲ್ಲ ಕಹಿ.
ಆ ಹುಡುಗ ಅಲ್ಲಿಂದ ನಮ್ಮಾಂವ ಆದ.

ಹಾಳಿ ತಿರುವಿದರ ದೊಡ್ಡ ತೂತು.
ಎಂಟನೇ ನಂಬರು, ಎಡಗಾಲು.
ತೂತಿನ ಈಚಿಗೆ: ಮರುವರ್ಷ, ಟೆನಿಸು, ಕಾಲಚೀಲ ಇಲ್ಲದ ಬೂಟು...
ಆಚಿಗೆ: ಬೆರಳಿನ ಗುಳ್ಳಿ, ನಂಜು, ಒಂದು ವಾರ,
ವಯಸ್ಸು ಹದಿನಾರು.

‘ಬೂಟು ಕಚ್ಚೇತಿ.’
ರಂಪಿ ಕೆಳಗಿಟ್ಟ.

ನಮ್ಮ ಹೊಸ ಚಪ್ಪಲಿನೂ ಕಚ್ಚತಾವ,
ಗಿರಾಕಿ ಕುಂಟಿಕೋತ ಬಂದು ಬೈತಾರ.
ಎಣ್ಣಿ ಹಚ್ಚರಿ, ವಾರದಾಗ ಹೊಂದಿಕೋತೈತಿ ಅಂತೇವಿ,
ನಕ್ಕೋತ.
ಎಷ್ಟು ಮಂದಿಗೆ ಅಂದೇವೋ.

ಬುಟ್ಟ್ಯಾಗಿನ ಮಾಪು ಒಂದೊಂದಽ ತಗದು
ತೂತಿಗೆ ಹಚ್ಚಿ ನೋಡಿದ, ದೀಡ ತಾಸು.
ಸಿಕ್ಕಿತು. ಕೂತಿತು.
ನಡುವಿನ ಸಾಲಿನ ಮ್ಯಾಲೆ ಅವನಽ ಪೆನ್ಸಿಲಿನ ಅಕ್ಷರ:
‘ಪುರಸಭೆ ಅಧ್ಯಕ್ಷರು, ಗುರುವಾರ, ಕರ್ರ್ ಅನ್ನಬೇಕು.’
ಅದರ ಕೆಳಗ ಏನಿತ್ತೋ ಓದಲಿಕ್ಕ ಬರಲಿಲ್ಲ.

ಆ ವರ್ಷಽ ಚುನಾವಣಿ ಗೆದ್ದನಂತ ಆ ಅಪ್ಪ.
ನಾಕು ವರ್ಷ ಕುರ್ಚಿ ಮ್ಯಾಲೆ.
ಮತ್ತ ನಿಲ್ಲತೀಯೇನು ಅಂದಾಗ
ಒಂದು ಸಾಲಿನ ಚೀಟಿ ಹಂಚಿದ, ಒಲ್ಲೆ ಅಂತ.
ಹಳೆ ಊರಿಗೆ, ಅರ್ಧ ಮನಿಯ ಬಾಡಿಗಿಗೆ ವಾಪಸ.
ನಮ್ಮೂರಾಗ ಅಂಥಾ ಚೀಟಿ ಯಾರೂ ಹಂಚಿದ್ದು ಕಾಣೆ, ಅಂದೆ.
ಅಂವಗ ನಗು ಬರಲಿಲ್ಲ.

ಗುರುವಾರ ಸಂಜಿಗೆ ಹೊಸ ಅಧ್ಯಕ್ಷರು ಬಂದ್ರು,
ಕುಂಕುಮ, ಹಾರ, ಹಿಂದ ಮೂರು ಬೈಕು.
ಮೆಟ್ಟಿ ನಿಂತ್ರು. ಕರ್ರ್ ಅಂತು. ಖುಷಿಯಾದ್ರು.
ನನ್ನ ಗಂಡ ಆ ದಿನದ ನಾಕು ಮಾತು ಮುಗಿಸಿದ್ದ,
ಆದರೂ ಕೇಳಿದ:
‘ನಿಮ್ಮ ಮಗಗ ಎಷ್ಟನೇ ನಂಬರ ಆಗತಾವ್ರೀ?’
‘ಅವಂದು ಬ್ಯಾರೆ ಬಿಡಪಾ, ಪುಣೆದಿಂದ ಬರತಾವ, ಆಟದ ಬೂಟು.’
ಇಂವ ಬಗ್ಗಿದ, ಅವರ ಕಾಲಿಂದ ಚಪ್ಪಲಿ ಬಿಡಿಸಿಕೊಂಡ.
‘ನಾಳಿಗೆ ಬರ್ರಿ.’
‘ತಯಾರ ಅದಾವಲ್ಲೋ!’
‘ನಾಳಿಗೆ.’

ರಾತ್ರಿ ಕಣ್ಣು ತೆರದಾಗ
ಹೆಬ್ಬೆರಳಿನ ಉಂಗುರಕ್ಕ ಔಡಲೆಣ್ಣಿ ತಿಕ್ಕಾಕ ಹತ್ತಿದ್ದ,
ಬಗ್ಗಿಸಿ, ಬಿಟ್ಟು, ಮತ್ತ ಬಗ್ಗಿಸಿ,
ತನ್ನ ಬೆರಳು ತೂರಿಸಿ ನೋಡಿಕೋತ.
ಕರೆಂಟು ಬಂದಿತ್ತು. ದೀಪ ಹಚ್ಚಿರಲಿಲ್ಲ.

ಆ ಪುಸ್ತಕ ಈಗ ಟ್ರಂಕಿನಾಗ ಐತಿ,
ತೂತಿನ ಹಾಳಿಗೆ ಎಂಟನೇ ನಂಬರು ಅಂಟಿಸೇನಿ.
ಮಾಪಿಗೆ ಹೋದ ವರ್ಷದ ಪಂಚಾಂಗ ಕತ್ತರಿಸ್ತಾನ,
ಮೊದಲ ನನ್ನ ಕಡೆ ಹಿಡದು,
‘ಇದರಾಗ ಏನಿಲ್ಲಲ್ಲ?’ ಅಂತ ಕೇಳಿ.